ಡಾಕ್ಟರಿಗೆ ಹೇಳ್ತೀನಿ

ವಾರ್ಡಿನವರೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದ ನರ್ಸಿಗೆ ಫಿಸಿಷಿಯನ್ ಅಸೋಸಿಯೇಟ್ ಆಗುವ ಹುಚ್ಚು ಹಿಡಿದಿತ್ತು. ಡಾಕ್ಟರ ಕೈಕೆಳಗೇ ಇದ್ದುಕೊಂಡು ರೋಗಿಯನ್ನು ಪರೀಕ್ಷಿಸಿ, ಕಾಯಿಲೆ ಇಂಥದ್ದು ಎಂದು ಬಾಯಿಬಿಟ್ಟು ಹೇಳುವ ಕೆಲಸ ಅದು. ಹತ್ತೊಂಬತ್ತು ವರ್ಷದಿಂದ ಅವಳು ಮಾಡಿದ್ದೂ ಅದನ್ನೇ, ಬಾಯಿ ಬಿಡುವ ಹಕ್ಕೊಂದಿರಲಿಲ್ಲ. ಹೊಸ ಡಾಕ್ಟರುಗಳು ರೋಗಿಯ ಮುಂದೆ ತಡಬಡಾಯಿಸುವಾಗ ಹಿಂದೆ ನಿಂತು ಕಿವಿಯಲ್ಲಿ ಊದುವವಳು ಇವಳು, ಹೆಸರು ಮಾತ್ರ ಅವರದು.

ವಿಶ್ವವಿದ್ಯಾಲಯದಲ್ಲಿ ಆ ಕೋರ್ಸಿಗೆ ಎರಡು ದಾರಿ. ವಿಜ್ಞಾನದ ಪದವೀಧರರಿಗೊಂದು, ಅನುಭವಸ್ಥ ನರ್ಸುಗಳಿಗೊಂದು. ನರ್ಸುಗಳ ದಾರಿ ಮುಂದಿನ ವರ್ಷದಿಂದ ಬಂದ್ ಎಂದು ನೋಟಿಸು ಬಂದಿತ್ತು. ಈ ಸಲ ತಪ್ಪಿದರೆ ಮುಗಿಯಿತು ಎಂದು ಅವಳು ಅರ್ಜಿ ಹಾಕಿದಳು. ಮೊದಲ ದಾರಿಗೆ ಅರ್ಜಿ ಹಾಕಿದ್ದ ತಂಗಿಯ ಮಗಳನ್ನೂ ಅಡುಗೆಮನೆಯಲ್ಲಿ ಕೂರಿಸಿಕೊಂಡು ಆರು ತಿಂಗಳು ತಿದ್ದಿದಳು. ಆ ಮಹಾರಾಯಿತಿಗೆ ಸ್ಟೆತಸ್ಕೋಪನ್ನು ಕಿವಿಗೆ ಯಾವ ಕಡೆಯಿಂದ ಹಾಕಬೇಕೆಂಬುದೂ ಗೊತ್ತಿರಲಿಲ್ಲ.

ಸಂದರ್ಶನದ ದಿನ ಮಂಚದ ಮೇಲೆ ಪರೀಕ್ಷೆಗೆಂದೇ ಕರೆಸಿದ್ದ ಸುಳ್ಳು ರೋಗಿಯೊಬ್ಬ ಬಲಗಡೆ ಹೊಟ್ಟೆ ಹಿಡಿದುಕೊಂಡು ಚೆನ್ನಾಗಿಯೇ ನರಳುತ್ತಿದ್ದ. ಅಪೆಂಡಿಕ್ಸ್ ಎಂಬುದು ದೊಡ್ಡಮ್ಮನಿಗೆ ಅರ್ಧ ನಿಮಿಷದಲ್ಲಿ ತಿಳಿಯಿತು. ಅಷ್ಟರಲ್ಲಿ ಪರೀಕ್ಷಕ ಡಾಕ್ಟರು ಒಳಗೆ ಬಂದರು. ಅವಳು ತಟ್ಟನೆ ಎದ್ದು ಕುರ್ಚಿ ಬಿಟ್ಟುಕೊಟ್ಟು, ಫೈಲನ್ನು ಅವರ ಕೈಗಿಟ್ಟು, ಒಂದು ಹೆಜ್ಜೆ ಹಿಂದೆ ಸರಿದಳು.

"ಈಗೇನು ಮಾಡ್ತೀರಿ?" ಎಂದರು ಅವರು.

"ಡಾಕ್ಟರಿಗೆ ಹೇಳ್ತೀನಿ ಸಾರ್."

"ನಿಮ್ಮ ಪ್ರಕಾರ ಇವರಿಗೆ ಏನಾಗಿದೆ?"

"ನೀವೇ ನೋಡ್ಬೇಕು ಸಾರ್."

ಮೆಟ್ಟಿಲಿಳಿಯುವಾಗ ತಾನು ಏನಂದೆ ಎಂಬುದು ಹೊಳೆಯಿತು. ಸ್ವಂತ ನಿರ್ಧಾರದ ಶಕ್ತಿ ಸಾಲದು ಎಂದು ಪತ್ರ ಬಂತು. ಹುಡುಗಿಗೆ ಸೀಟು ಸಿಕ್ಕಿತು. ದೊಡ್ಡಮ್ಮ ತಂಗಿಗೆ ಫೋನು ಮಾಡಿ ಬಾಯ್ತುಂಬ ಹೊಗಳಿ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಹೊಟ್ಟೆಕಿಚ್ಚೇ ಅದು, ಅದಕ್ಕೆ ಬೇರೆ ಹೆಸರಿಡುವುದು ಬೇಡ.

ಮರುವರ್ಷ ತರಬೇತಿಗೆಂದು ಹುಡುಗಿ ಅದೇ ವಾರ್ಡಿಗೆ ಬಂದಳು. ಏದುಸಿರು ಬಿಡುತ್ತಿದ್ದ ಮುದುಕನ ಮುಂದೆ ಕಲ್ಲಾಗಿ ನಿಂತಳು. ದೊಡ್ಡ ಡಾಕ್ಟರು ಉತ್ತರಕ್ಕೆ ಕಾಯುತ್ತಿದ್ದರು. ದೊಡ್ಡಮ್ಮ ದಿಂಬು ಸರಿಮಾಡುವ ನೆಪದಲ್ಲಿ ಬಗ್ಗಿ, "ಎಡ ಶ್ವಾಸಕೋಶದ ಸುತ್ತ ನೀರು ತುಂಬಿದೆ, ಎಕ್ಸ್‌ರೇ ಹೇಳು," ಎಂದು ಪಿಸುಗುಟ್ಟಿದಳು. ಹುಡುಗಿ ಅದನ್ನೇ ಗಟ್ಟಿಯಾಗಿ ಹೇಳಿದಳು. ಡಾಕ್ಟರು ಭೇಷ್ ಎಂದು ಮುಂದಿನ ಮಂಚಕ್ಕೆ ಹೋದರು.

ಮಧ್ಯಾಹ್ನ ಹುಡುಗಿ ತರಬೇತಿಯ ಪುಸ್ತಕ ತಂದು ಮೇಜಿನ ಮೇಲಿಟ್ಟಳು. 'ಸ್ವಂತವಾಗಿ ನಿರ್ಧರಿಸಿದ್ದಾರೆ' ಎಂಬ ಸಾಲಿನ ಎದುರು ಕಣ್ಣಾರೆ ಕಂಡ ನರ್ಸಿನ ಸಹಿ ಬೇಕಿತ್ತು.

"ದೊಡ್ಡಮ್ಮಾ, ಇದ್ದದ್ದನ್ನ ಡಾಕ್ಟರಿಗೆ ಹೇಳ್ಬಿಡ್ಲಾ?" ಎಂದಳು ಹುಡುಗಿ, ತಲೆ ತಗ್ಗಿಸಿಕೊಂಡೇ.

"ಹೇಳು," ಎಂದಳು ದೊಡ್ಡಮ್ಮ.

ಡಾಕ್ಟರು ಹತ್ತು ಹೆಜ್ಜೆ ಆಚೆ, ಕಿಟಕಿಯ ಹತ್ತಿರವೇ ಇದ್ದರು. ದೊಡ್ಡಮ್ಮ ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡು ಕಾದಳು. ಹುಡುಗಿ ಕದಲಲಿಲ್ಲ.

ದೊಡ್ಡಮ್ಮ ಸಹಿ ಹಾಕಿ ಪುಸ್ತಕವನ್ನು ಅವಳ ಕೈಗಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.