ಎರಡು ಹೆಸರಿನ ಮಾತ್ರೆ

ಕಾಮಾಕ್ಷಮ್ಮನಿಗೆ ಅರಳುಮರಳು ಹಿಡಿದಿದೆ ಎಂದು ಮಗ ಶಶಿಕುಮಾರ್ ತಮ್ಮೂರು ಹಳ್ಳಿಮೈಸೂರಿನಲ್ಲಿ ಸೋದರಮಾವನಿಂದ ಹಿಡಿದು ನೆಂಟರಿಗೆಲ್ಲ ಹೇಳಿಯಾಗಿತ್ತು. ಹಾಲು ಕರೆಯುತ್ತಲೇ ತೂಕಡಿಸುತ್ತಿದ್ದಳು, ಆಡುವ ಮಾತನ್ನು ಅರ್ಧಕ್ಕೇ ಮರೆಯುತ್ತಿದ್ದಳು, ಒಮ್ಮೆ ಕೊಟ್ಟಿಗೆಯಲ್ಲಿ ಬಿದ್ದೂ ಇದ್ದಳು. ಆಮೇಲೆ ಸೊಸೆ ಒಲೆಯ ಹತ್ತಿರಕ್ಕೂ ಬಿಡಲಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಉರಿಯುತ್ತಿದ್ದದ್ದು ನಿಜ. ತಲೆ ಕೆಟ್ಟಿದೆ ಎನ್ನುವುದನ್ನು ಮಾತ್ರ ಅವಳು ಒಪ್ಪಲಿಲ್ಲ. ಐವತ್ತೆಂಟಕ್ಕೇ ಮೂಲೆಗೆ ಕೂರಿಸಿದರಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದಳು.

ಹೊಳೆನರಸೀಪುರದ ಡಾಕ್ಟರ ಮುಂದೆಯೂ ಶಶಿಯೇ ಬಾಯಿ ತೆರೆದ. "ಅವ್ವಂಗೆ ಮರೆವು ಸಾ. ಅದಕ್ಕೊಂದು ಮಾತ್ರೆ ಕೊಟ್ಬುಡಿ."

"ಬೇರೆ ಕಡೆ ಔಷಧಿ ಏನಾದ್ರೂ ತಗೋತಿದ್ದಾರಾ?"

"ಇಲ್ಲ ಸಾ, ನಿಮ್ದೇ."

ಮೇಜಿನ ಮರೆಯಲ್ಲಿ ಅವ್ವನ ಸೆರಗು ಎಳೆದ. ಹಾಸನದಲ್ಲೂ ತೋರಿಸಿದ್ದೇವೆಂದರೆ ಈ ಡಾಕ್ಟರು ಮುನಿಸಿಕೊಳ್ಳುತ್ತಾರೆಂದು ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದ.

ಕಾಮಾಕ್ಷಮ್ಮ ಚೀಲದಲ್ಲಿದ್ದ ಮಾತ್ರೆ, ಚೀಟಿಗಳನ್ನೆಲ್ಲ ಮೇಜಿನ ಮೇಲೆ ಸುರಿದಳು. "ಇವು ನಿಮ್ಮವು. ಇವು ಹಾಸನದವು. ಎಲ್ಲಾನೂ ನುಂಗ್ತಾ ಇವ್ನಿ."

ಡಾಕ್ಟರು ತಿರುವಿ ನೋಡಿ ಹುಬ್ಬು ಗಂಟಿಕ್ಕಿದರು. "ಇವೆರಡೂ ಒಂದೇ ಔಷಧಿ ಕಣಮ್ಮ, ಕಂಪನಿ ಇಟ್ಟ ಹೆಸರು ಬೇರೆ. ನರದ ಉರಿಗೆ ಬೇರೆ ಬೇರೆ ಥರದ ಎರಡು ಮಾತ್ರೆ ಜೊತೆಗೆ ಕೊಡೋದುಂಟು, ನಾನೂ ಕೊಟ್ಟಿದ್ದೀನಿ. ಅದರ ಮೇಲೆ ಒಂದನ್ನ ಡಬಲ್ ಮಾಡಿದ್ರೆ ಮಂಪರು ಬರದೆ ಇನ್ನೇನು? ಮೊದಲೇ ಯಾಕೆ ಹೇಳ್ಲಿಲ್ಲ?"

"ಯೋಳಿದ್ರೆ ಸುಮ್ಕಿರ್ತಿದ್ರಾ? ನಮ್ಮೂರ ರೇವಮ್ಮ ಬೇರೆಯೋರ ಚೀಟಿ ತೋರಿಸಿದ್ದಕ್ಕೆ, ಅಲ್ಲಿಗೇ ಓಗು ಅಂತ ಎಬ್ಬಿಸಿ ಕಳಿಸಿದ್ರಿ. ಕೋಪ ನಿಮ್ದು, ಕೊಟ್ಟಿಗೇಲಿ ಬಿದ್ದೋಳು ನಾನು."

ಡಾಕ್ಟರು ಹಾಸನದ ಚೀಟಿಯನ್ನೂ ಪಕ್ಕದಲ್ಲಿಟ್ಟುಕೊಂಡು ಹೊಸದು ಬರೆದರು. ಒಂದೇ ಸಲ ಎಲ್ಲ ಬಿಡಬಾರದು, ಬರೆದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು, ಯಾರ ಹತ್ತಿರ ಹೋದರೂ ನುಂಗುತ್ತಿರುವುದನ್ನೆಲ್ಲ ತೋರಿಸಬೇಕು ಎಂದರು. ಶಶಿಯ ಕಡೆ ತಿರುಗಿ, "ಮರೆವಿಗೆ ಈಗ ಮಾತ್ರೆ ಬೇಡ. ಇದು ಇಳಿದ್ರೆ ಅದೂ ಹೋಗ್ಬಹುದು," ಎಂದರು, ತಗ್ಗಿದ ದನಿಯಲ್ಲಿ.

ಬಸ್‌ಸ್ಟ್ಯಾಂಡಿನಲ್ಲಿ ಶಶಿ ಹೆಂಡತಿಗೆ ಫೋನು ಮಾಡಿದ. "ಏನಿಲ್ಲ ಕಣೆ, ಮಾತ್ರೆ ಒಸಿ ಎಚ್ಚುಕಮ್ಮಿ ಆಗಿತ್ತಂತೆ."

"ಒಸಿ ಅಲ್ಲ," ಎಂದಳು ಕಾಮಾಕ್ಷಮ್ಮ. "ಅವ್ವಂಗೆ ಅರಳುಮರಳು ಇಲ್ಲ, ಮುಚ್ಚಿಟ್ಟೋನು ನಾನು ಅನ್ನು."

"ಮನೆಗೋಗಿ ಯೋಳ್ತೀನಿ ಬಾರವ್ವ, ಜನ ನೋಡ್ತಾವ್ರೆ."

"ನೋಡ್ಲಿ. ನನ್ನ ತಲೆ ಕೆಟ್ಟದೆ ಅಂತ ಊರಿಗೆಲ್ಲ ಯೋಳಾಕೆ ಪುರುಸೊತ್ತಿತ್ತಲ್ಲ. ಇಲ್ಲೇ ಯೋಳು. ಅವಳಾದ್ಮೇಲೆ ನಿಮ್ಮ ಮಾವಂಗೆ."

ಹಳ್ಳಿಮೈಸೂರಿನ ಬಸ್ಸು ಬಂದು ನಿಂತಿತು. ಅವಳು ಹತ್ತಲಿಲ್ಲ.