ಹನ್ನೆರಡನೆಯವನ ಕಾಲು

ಯೇಸು ಶಿಷ್ಯರ ಕಾಲು ತೊಳೆದ ನೆನಪಿನ ಗುರುವಾರ, ಉಪ್ಪಲ್‌ನ ಕನ್ನಡ ಸಭೆಯಲ್ಲಿ ಪಾಸ್ಟರ್ ಹನ್ನೊಂದು ಮಂದಿಯ ಕಾಲು ತೊಳೆದರು. ಹನ್ನೆರಡನೆಯವನಾಗಿ ಕೂತಿದ್ದ ಸೂಗಪ್ಪನ ಕಾಲು ತೊಳೆಯದೆ ಎದ್ದರು.

ತಂಬಿಗೆ ಹಿಡಿದು ಬೋಗುಣಿಗೆ ನೀರು ಹಾಕುತ್ತಿದ್ದ ಅವನ ಹೆಂಡತಿ ಸಾವಿತ್ರಿಬಾಯಿ ನಿಂತಲ್ಲೇ ನಿಂತಳು. ಪಟಾನ್‌ಚೆರುವಿನ ಕಾರ್ಖಾನೆಯಲ್ಲಿ ಕೆಮಿಕಲ್ ಡ್ರಮ್ಮು ತೊಳೆದೂ ತೊಳೆದೂ ಗಂಡನ ಪಾದಗಳು ಹಳದಿಗಟ್ಟಿ ಸುಲಿದಿದ್ದವು. ಆ ಕಾರ್ಖಾನೆ, ಡ್ರಮ್ಮು ಎರಡೂ ಸಭೆಯ ಹಿರಿಯ ವಿಜಯಕುಮಾರನವು. ಅವನೋ ಮನೆಯಲ್ಲೇ ಕಾಲಿಗೆ ಸೋಪು ಹಚ್ಚಿ ತೊಳೆದು, ಪೌಡರ್ ಬಳಿದುಕೊಂಡು ಬಂದಿದ್ದ. ಅಂಥ ಪಾದಕ್ಕೆ ಪಾಸ್ಟರ್ ಬಗ್ಗಿ ಮುತ್ತಿಟ್ಟಿದ್ದರು.

ಪಾಸ್ಟರ್ ಕೈಗೆ ಸೆಂಟು ತಿಕ್ಕಿಕೊಂಡು ವಿಧೇಯತೆಯ ಮೇಲೆ ಪ್ರಸಂಗ ಶುರು ಮಾಡಿದರು. ಯಜಮಾನನ ಮಾತು ಕೇಳಿದವನು ಯೇಸುವಿನ ಮಾತು ಕೇಳಿದಂತೆ, ಅಂದರು. ಎಲ್ಲರಿಗಿಂತ ಜೋರಾಗಿ ಆಮೆನ್ ಅಂದವನು ವಿಜಯಕುಮಾರ.

ಅವನೇ ಅವಳ ಹತ್ತಿರ ಬಂದು ಪಿಸುಗುಟ್ಟಿದ: "ಏನ್ ನೋಡಾಕತ್ತಿ ಸಾವಿತ್ರಿ? ಲೈವ್ ನಡದೈತಿ. ಆ ಕಾಲು ಕ್ಯಾಮೆರಾದಾಗ ಕಂಡ್ರ ಮಂದಿ ಊಟ ಬಿಡ್ತಾರ. ಬೋಗುಣಿ ಒಯ್ದು ಹಿತ್ತಲದಾಗ ಚೆಲ್ಲು, ನಡಿ."

"ನಿಮ್ಮ ಮಾತು ಕೇಳೇ ಆ ಕಾಲು ಹಂಗಾಗ್ಯಾವರಿ," ಅಂದಳು ಸಾವಿತ್ರಿಬಾಯಿ, ಎಲ್ಲರಿಗೂ ಕೇಳುವಂತೆ.

ಪ್ರಸಂಗ ನಿಂತಿತು. "ತಾಯಿ, ಹಿರಿಯರಿಗೆ ವಿಧೇಯಳಾಗು," ಅಂದರು ಪಾಸ್ಟರ್, ಮೂಗಿಗೆ ಕರ್ಚೀಫು ಹಿಡಿದು.

"ಒಬ್ಬರ ಕಾಲು ಒಬ್ಬರು ತೊಳೀರಿ ಅಂತ ಯೇಸುಸ್ವಾಮಿ ಹೇಳ್ಯಾನ್ರಿ. ವಾಸನಿ ನೋಡಿ ತೊಳೀರಿ ಅಂದಿಲ್ಲ." ಅವಳು ಬೋಗುಣಿಯನ್ನು ಸೂಗಪ್ಪನ ಮುಂದೆ ಸರಿಸಿದಳು. "ಈ ನೀರು ನಾ ಚೆಲ್ಲಂಗಿಲ್ಲ."