ಅಕ್ಕನ ಬೇಕರಿಗೊಂದು ಮೂಗು

ಜ್ವರ ಬಂದು ಹೋದ ಮೇಲೆ ಅಕ್ಕನಿಗೆ ವಾಸನೆ ತಿಳಿಯುವುದೇ ನಿಂತುಹೋಯಿತು. ಒಮ್ಮೆ ಬೇಕರಿಯಲ್ಲಿ ಗ್ಯಾಸ್ ಸೋರುತ್ತಿದ್ದರೂ ಗೊತ್ತಾಗದೆ ಹಿಟ್ಟು ನಾದುತ್ತಿದ್ದಳು. ಅಂದಿನಿಂದ ಭಾವ ಅವಳನ್ನು ಅಲ್ಲಿ ಒಬ್ಬಳನ್ನೇ ಬಿಡಲಿಲ್ಲ. ಬೀಗದ ಕೈ ಅವರ ಜೇಬಿನಲ್ಲಿ, ಅವರು ಬಂದಾಗಲೇ ಬಾಗಿಲು ತೆರೆಯಬೇಕು. ತಾನೇ ಕಟ್ಟಿ ಬೆಳೆಸಿದ ಅಂಗಡಿಗೆ ಅಕ್ಕ ಅಪ್ಪಣೆ ಕೇಳಿ ಹೋಗುವಂತಾಯಿತು. ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು.

ಗ್ಯಾಸ್ ಪತ್ತೆಮಾಡುವ ಸೆನ್ಸರ್ ತಯಾರಿಸುವುದೇ ನನ್ನ ಕೆಲಸ. ಕುಲುಮೆಯ ಕೊಳವೆಯಲ್ಲಿ ತವರದ ಪುಡಿ ಕಾಯಿಸಿದರೆ ಅದರ ಆವಿ ಪುಟ್ಟ ಚಿಪ್ ಮೇಲೆ ಕೂತು ತವರದ ಆಕ್ಸೈಡಿನ ನ್ಯಾನೊತಂತಿಗಳಾಗಿ ಬೆಳೆಯುತ್ತದೆ. ಬರಿಗಣ್ಣಿಗೆ ಹಳೇ ಬ್ರೆಡ್ಡಿನ ಬೂಷ್ಟಿನಂತೆ ಕಾಣುತ್ತದೆ, ಅಷ್ಟೇ. ಗ್ಯಾಸ್ ತಾಗಿದೊಡನೆ ಆ ತಂತಿಗಳಲ್ಲಿ ವಿದ್ಯುತ್ ಸಲೀಸಾಗಿ ಹರಿದು ಅಲಾರಂ ಕೂಗುತ್ತದೆ. ಲ್ಯಾಬಿನಲ್ಲಿ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ನೆಲ ಹಿಡಿದು ಹರಡುತ್ತದೆ. ಅದಕ್ಕೇ ಒಲೆಯ ಪಕ್ಕ, ನೆಲದಿಂದ ಗೇಣೆತ್ತರದಲ್ಲಿ ಅಕ್ಕನಿಗೆಂದು ಮಾಡಿದ ಸೆನ್ಸರನ್ನು ಬೇಕರಿಯ ಗೋಡೆಗೆ ಜಡಿದೆ.

ಮರುದಿನ ಬೆಳಿಗ್ಗೆಯೇ ಅದು ಬೀದಿಗೆಲ್ಲ ಕೇಳುವಂತೆ ಅರಚಿತು. ಭಾವ ಸಿಲಿಂಡರ್ ಬಂದ್ ಮಾಡಿ ಅಕ್ಕನನ್ನು ಹೊರಗೆಳೆದು ತಂದರು. ಹುಡುಕಿದರೆ ಗ್ಯಾಸ್ ಎಲ್ಲೂ ಸೋರಿರಲಿಲ್ಲ.

"ಇಷ್ಟಕ್ಕೇನಾ ಇಷ್ಟೊಂದು ಓದಿದ್ದು?" ಎಂದರು ಭಾವ.

ಬಗ್ಗಿ ನೋಡಿದೆ. ಬೆಚ್ಚಗಿರಲಿ ಎಂದು ಅಕ್ಕ ಉಬ್ಬಲು ಬಿಟ್ಟ ಹಿಟ್ಟಿನ ತೊಟ್ಟಿ ಸೆನ್ಸರಿನ ಪಕ್ಕದಲ್ಲೇ ಇತ್ತು. ಉಬ್ಬುವ ಹಿಟ್ಟಿನಿಂದ ಆಲ್ಕೋಹಾಲ್ ಆವಿ ಏಳುತ್ತದೆ, ನನ್ನ ತಂತಿಗಳಿಗೆ ಅದೂ ಒಂದೇ, ಗ್ಯಾಸೂ ಒಂದೇ. ಬೇಕರಿಗೆಂದು ಮಾಡಿದ್ದನ್ನು ಹಿಟ್ಟಿನ ಮುಂದೆ ಇಟ್ಟು ನೋಡಬೇಕೆಂದು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಿಂದ ಭೂಮಿಗಿಳಿದು ಹೋದೆ.

"ಹಾಗಾದ್ರೆ ಹಿಟ್ಟಿನ ವಾಸನೆ ಅದಕ್ಕೆ ಬಂತಾ?" ಎಂದಳು ಅಕ್ಕ, ನಾನು ಕಾರಣ ಹೇಳಿದ ಮೇಲೆ. ತೊಟ್ಟಿಯ ಮೇಲೆ ಬಾಗಿ ಉಸಿರೆಳೆದುಕೊಂಡಳು. ಏನೂ ಸಿಗದೆ ಎದ್ದಳು.

ಹಿಟ್ಟಿನ ಮುದ್ದೆಯೊಂದನ್ನು ಡಬ್ಬಿಯಲ್ಲಿ ಲ್ಯಾಬಿಗೆ ಒಯ್ದೆ. ಏನೋ ತಿಂಡಿ ತಂದಿದ್ದಾಳೆಂದು ಮುಚ್ಚಳ ತೆಗೆದ ಸಹೋದ್ಯೋಗಿಗಳು ಮುಖ ಸಿಂಡರಿಸಿದರು. ಸೆನ್ಸರಿನ ಬಾಯಿಗೆ ಆಲ್ಕೋಹಾಲ್ ಹೀರುವ ಪುಡಿಯ ಪದರ ತುಂಬಿದೆ. ದಪ್ಪವಾದರೆ ಗ್ಯಾಸೂ ತಡವಾಗಿ ಒಳಬರುತ್ತದೆ, ತೆಳುವಾದರೆ ಹಿಟ್ಟಿಗೇ ಕೂಗುತ್ತದೆ. ಹದ ಸಿಗುವಷ್ಟರಲ್ಲಿ ಹೈರಾಣಾದೆ.

ಮತ್ತೆ ಗೋಡೆಗೆ ಜಡಿದಾಗ ಹಿಟ್ಟು ತೊಟ್ಟಿ ತುಂಬ ಉಬ್ಬಿದರೂ ಸದ್ದಿಲ್ಲ.

"ಕೆಟ್ಟೇ ಹೋಗಿರ್ಬೇಕು" ಎಂದ ಭಾವ, ಬೆಂಕಿಯೆಲ್ಲ ಆರಿಸಿ, ಕಿಟಕಿಗಳನ್ನು ತೆರೆದಿಟ್ಟು, ಒಲೆ ಹಚ್ಚದೆಯೇ ಗುಂಡಿಯನ್ನು ಚೂರು ತಿರುಗಿಸಿದರು. ಅಲಾರಂ ಕೂಗಿತು. ತಕ್ಷಣ ಗುಂಡಿ ಮುಚ್ಚಿ, ಮೂಗರಳಿಸಿ ಮೂಸಿದರು.

"ನನಗಿನ್ನೂ ವಾಸನೇನೇ ಬಂದಿಲ್ವಲ್ಲ!"

"ಇಷ್ಟು ದಿನ ಈ ಮೂಗನ್ನ ನಂಬ್ಕೊಂಡು ಬದುಕಿದೀನಿ ನೋಡೇ" ಎಂದು ನನಗೆ ಹೇಳಿ ಅಕ್ಕ ಅವರ ಮುಂದೆ ಕೈ ಚಾಚಿದಳು.

ಭಾವ ಜೇಬಿನಿಂದ ಬೀಗದ ಕೈ ತೆಗೆದು ಕೊಟ್ಟರು. ಅಕ್ಕ ನಮ್ಮಿಬ್ಬರನ್ನೂ ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡಳು.

ಭಾವ ಮೆಟ್ಟಿಲ ಮೇಲೆ ಕೂತರು. ಬಾಗಿಲ ಕಡೆಗೇ ಕಿವಿಗೊಟ್ಟರು.

"ನೀನು ಹೋಗಮ್ಮ. ನಾನು ಸ್ವಲ್ಪ ಹೊತ್ತು ಇಲ್ಲೇ ಇರ್ತೀನಿ. ಅವಳಿಗೆ ಹೇಳ್ಬೇಡ."

ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ನಾನೂ ಅವರ ಪಕ್ಕದಲ್ಲಿ ಕೂತೆ.